ನಾಯಿ ಅಗಿಯಲಿ, ಹಲ್ಲು ಉಳಿಯಲಿ

ಚಪ್ಪಲಿ ಕಡಿದ ನಾಯಿಮರಿಗೆ ಬೈದು ಪ್ರಯೋಜನವಿಲ್ಲ. ಮೂರು ತಿಂಗಳು ದಾಟುತ್ತಿದ್ದಂತೆ ಅದರ 28 ಹಾಲುಹಲ್ಲುಗಳು ಒಂದೊಂದಾಗಿ ಉದುರತೊಡಗುತ್ತವೆ. ಆರೇಳು ತಿಂಗಳಾಗುವಷ್ಟರಲ್ಲಿ ಆ ಬಾಯಲ್ಲಿ 42 ಶಾಶ್ವತ ಹಲ್ಲುಗಳು ಮೂಡಿರುತ್ತವೆ. ಅಷ್ಟು ದಿನವೂ ಒಸಡು ಊದಿಕೊಂಡು ನೋಯುತ್ತಿರುತ್ತದೆ. ಏನನ್ನಾದರೂ ಕಚ್ಚಿ ಹಿಡಿದರೆ ಅದಕ್ಕೆ ಹಾಯೆನಿಸುತ್ತದೆ. ಮನೆಯವರ ಮೈವಾಸನೆ ಹಿಡಿದ ಚಪ್ಪಲಿ, ಕಾಲುಚೀಲ ಎಂದರೆ ಇನ್ನಷ್ಟು ಇಷ್ಟ.

ಹಲ್ಲು ಬಂದ ಮೇಲೂ ಈ ಚಟ ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಅಗಿಯುವುದು ನಾಯಿಗೆ ಹೊತ್ತು ಕಳೆಯುವ ದಾರಿ, ಮನಸ್ಸು ಸಮಾಧಾನವಾಗುವ ದಾರಿ. ಹಲ್ಲಿಗಂಟಿದ ಕೊಳೆಯೂ ಸ್ವಲ್ಪ ಉಜ್ಜಿಹೋಗುತ್ತದೆ. ಆದರೆ ನೀವು ಮನೆಯಲ್ಲಿ ಇಲ್ಲದಾಗ ಮಾತ್ರ ಬಾಗಿಲು, ಕಿಟಕಿಯ ಚೌಕಟ್ಟು ಕಡಿಯುತ್ತಿದ್ದರೆ ವಿಷಯವೇ ಬೇರೆ. ಅದು ಒಂಟಿತನದ ಭಯ. ಅದಕ್ಕೆ ಎಷ್ಟು ಆಟಿಕೆ ತಂದುಕೊಟ್ಟರೂ ಸಾಲದು. ಪಶುವೈದ್ಯರ ಸಲಹೆ ಪಡೆದು, ಒಂಟಿಯಾಗಿರುವುದನ್ನು ನಿಧಾನವಾಗಿ ರೂಢಿ ಮಾಡಿಸಬೇಕು.

ಹಾಗಾದರೆ ಅಗಿಯಲು ಏನು ಕೊಡುವುದು? ಬಹುತೇಕರು ಅಂಗಡಿಯಲ್ಲಿ ಕೇಳುವುದು ‘ತುಂಬಾ ದಿನ ಬರುವಂಥದ್ದು ಕೊಡಿ’ ಎಂದು. ಎಡವುವುದು ಅಲ್ಲಿಯೇ. ಬೇಗ ಸವೆಯದ ವಸ್ತು ಹಲ್ಲು ಮುರಿಯುವಷ್ಟು ಗಟ್ಟಿಯಾಗಿರಬಹುದು. ನಾಯಿಯ ಹಲ್ಲಿನ ಹೊರಗವಚ ನಮ್ಮ ಹಲ್ಲಿನದಕ್ಕಿಂತ ತೆಳುವಾದದ್ದು. ಅದರ ದವಡೆ ನಮ್ಮದರಂತೆ ಅಕ್ಕಪಕ್ಕಕ್ಕೆ ಸರಿದು ಅರೆಯುವುದೂ ಇಲ್ಲ; ಮೇಲಿನ ದೊಡ್ಡ ಹಲ್ಲು ಕೆಳಗಿನದರ ಪಕ್ಕಕ್ಕೆ ಕತ್ತರಿಯ ಅಲಗಿನಂತೆ ಇಳಿಯುತ್ತದೆ. ಗಟ್ಟಿ ಮೂಳೆಯನ್ನು ಬಾಯಿಯ ಒಂದು ಬದಿಗೆ ತಳ್ಳಿ ಕಡಿಯುವಾಗ ಇಡೀ ಒತ್ತಡ ಆ ಹಲ್ಲಿನ ಮೇಲೆಯೇ ಬಿದ್ದು, ಅದರ ಹೊರಮೈ ಚಕ್ಕೆಯಾಗಿ ಎದ್ದುಹೋಗಬಹುದು. ಒಳಗಿನ ನರ ತೆರೆದುಕೊಂಡರೂ ಎಷ್ಟೋ ನಾಯಿಗಳು ಊಟ ಬಿಡುವುದಿಲ್ಲ, ಅಳುವುದಿಲ್ಲ. ಮುಖ ಊದಿಕೊಂಡಾಗಲೇ ಮನೆಯವರಿಗೆ ಗೊತ್ತಾಗುವುದು.

ಕೊಳ್ಳುವ ಮೊದಲು ಹೆಬ್ಬೆರಳ ಉಗುರು ಒತ್ತಿ ನೋಡಿ. ಸ್ವಲ್ಪವಾದರೂ ತಗ್ಗು ಬೀಳಬೇಕು. ಅದರಿಂದ ನಿಮ್ಮ ಮೊಣಕಾಲ ಚಿಪ್ಪಿಗೆ ಬಡಿದರೆ ನೋವಾಗುತ್ತದೆ ಎನಿಸಿದರೆ ಅದು ನಾಯಿಯ ಹಲ್ಲಿಗೂ ಬೇಡ. ಜಿಂಕೆ ಕೊಂಬು, ದನದ ಗೊರಸು, ನಳ್ಳಿ ಮೂಳೆ, ಗಟ್ಟಿ ನೈಲಾನ್ ಮೂಳೆ, ತೆಂಗಿನ ಚಿಪ್ಪು ಎಲ್ಲವೂ ಈ ಪರೀಕ್ಷೆಯಲ್ಲಿ ಸೋಲುತ್ತವೆ. ಹಿಮಾಲಯದ ಕಡೆಯಿಂದ ಬರುವ ಛುರ್ಪಿ ಎಂಬ ಒಣ ಚೀಸ್ ಕೂಡ ಕಲ್ಲಿನಷ್ಟು ಗಟ್ಟಿ.

ಇನ್ನು ಅಡುಗೆಮನೆಯ ಅಪಾಯಗಳು. ಬೇಯಿಸಿದ ಕೋಳಿ ಮೂಳೆ ಚೂಪಾಗಿ ಸೀಳುತ್ತದೆ. ಬಿರಿಯಾನಿ ತಿಂದು ಉಳಿದ ಮೂಳೆಯನ್ನು ಪ್ರೀತಿಯಿಂದ ಹಾಕುವವರೇ ಹೆಚ್ಚು. ಹಸಿ ಮೂಳೆ ಹಾಗೆ ಸೀಳದಿದ್ದರೂ ಅದರಲ್ಲಿರುವ ಸಾಲ್ಮೊನೆಲ್ಲಾದಂಥ ರೋಗಾಣುಗಳು ಮನೆಮಂದಿಗೂ ತಗಲಬಹುದು. ಮೆಕ್ಕೆಜೋಳದ ದಿಂಡು, ಮಾವಿನ ವಾಟೆ ಇನ್ನೂ ಮೋಸದವು: ರುಚಿಯಾಗಿ ಕಂಡರೂ ಕರುಳಿನಲ್ಲಿ ಕರಗದೆ ಸಿಕ್ಕಿಹಾಕಿಕೊಂಡು ಶಸ್ತ್ರಚಿಕಿತ್ಸೆಯವರೆಗೆ ಒಯ್ಯುತ್ತವೆ. ಮೂಳೆಯಾಕಾರದಲ್ಲಿ ಗಂಟು ಹಾಕಿ ಮಾರುವ ಒಣ ಚರ್ಮವೂ ಅಷ್ಟೆ, ನೆನೆದು ಉಬ್ಬಿದ ತುಂಡನ್ನು ಅವಸರದ ನಾಯಿ ಇಡಿಯಾಗಿ ನುಂಗಿಬಿಡುತ್ತದೆ. ಟೆನಿಸ್ ಚೆಂಡು ಎಸೆದು ತರಿಸುವ ಆಟಕ್ಕೆ ಸರಿ, ದಿನವಿಡೀ ಅಗಿಯಲು ಬೇಡ. ಅದರ ಒರಟು ನಾರು, ಅಂಟಿದ ಮಣ್ಣು ಸೇರಿ ಹಲ್ಲನ್ನು ತೇಯುತ್ತವೆ.

ನನ್ನ ಆಯ್ಕೆ ಒಳಗೆ ಟೊಳ್ಳಾಗಿರುವ ರಬ್ಬರ್ ಆಟಿಕೆ. ಅದರೊಳಗೆ ಒಗ್ಗರಣೆ, ಉಪ್ಪು, ಈರುಳ್ಳಿ ಏನೂ ಇಲ್ಲದ ಮೊಸರನ್ನ ತುಂಬಿ ಫ್ರೀಜರ್‌ನಲ್ಲಿಟ್ಟು ಕೊಟ್ಟರೆ ನೆಕ್ಕುತ್ತ, ಅಗಿಯುತ್ತ ನಾಯಿ ಬಹಳ ಹೊತ್ತು ಮಗ್ನವಾಗಿರುತ್ತದೆ. ಕಡಲೆಕಾಯಿ ಬೆಣ್ಣೆ ತುಂಬುವುದಾದರೆ ಡಬ್ಬಿಯ ಮೇಲೆ ಜೈಲಿಟಾಲ್ ಎಂದಿದೆಯೇ ನೋಡಿ. ಆ ಸಿಹಿ ನಾಯಿಗೆ ವಿಷ. ಹಲ್ಲು ಬರುತ್ತಿರುವ ಮರಿಗೆ ಒದ್ದೆ ಬಟ್ಟೆಯನ್ನು ಗಂಟು ಹಾಕಿ ತಣ್ಣಗೆ ಮಾಡಿ ಕೊಡಬಹುದು, ಆದರೆ ನೀವು ಪಕ್ಕದಲ್ಲೇ ಇರಬೇಕು. ಹಲ್ಲು ಸ್ವಚ್ಛಗೊಳಿಸುತ್ತವೆ ಎನ್ನುವ ತಿನಿಸುಗಳಲ್ಲಿ ವಿಒಎಚ್‌ಸಿ ಮುದ್ರೆ ಇರುವುದನ್ನು ಆರಿಸಿ. ಪಶು ದಂತಾರೋಗ್ಯಕ್ಕಾಗಿಯೇ ಇರುವ ಆ ಮಂಡಳಿ ಪರೀಕ್ಷೆಯ ಫಲಿತಾಂಶ ನೋಡಿಯೇ ಮುದ್ರೆ ಕೊಡುತ್ತದೆ.

ಗಾತ್ರ ಯಾವಾಗಲೂ ಬಾಯಿಗಿಂತ ದೊಡ್ಡದಿರಲಿ. ಸವೆದು ಚಿಕ್ಕದಾದರೆ, ತುಂಡು ಕಿತ್ತುಬರತೊಡಗಿದರೆ ಎಸೆದುಬಿಡಿ. ಕಿತ್ತುಕೊಳ್ಳಲು ಹೋಗಿ ಕಚ್ಚಿಸಿಕೊಳ್ಳಬೇಡಿ, ಬೇರೆ ತಿನಿಸು ತೋರಿಸಿ ಬದಲಾಯಿಸಿಕೊಳ್ಳಿ.

ಏನಾದರೂ ನುಂಗಿದ ಅನುಮಾನವಿದ್ದು ನಾಯಿ ಪದೇಪದೇ ವಾಂತಿ ಮಾಡುತ್ತಿದ್ದರೆ, ಊಟ ಬಿಟ್ಟರೆ, ಹೊಟ್ಟೆ ಮುಟ್ಟಗೊಡದಿದ್ದರೆ, ಮಲವಿಸರ್ಜನೆಗೆ ತಿಣುಕಾಡುತ್ತಿದ್ದರೆ ರಾತ್ರಿಯಾದರೂ ಸರಿ ಆಸ್ಪತ್ರೆಗೆ ಒಯ್ಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ: ಉಪ್ಪೇ ವಿಷವಾಗಬಹುದು, ಚೂಪಾದ ಚೂರು ಹಿಂದಿರುಗುವಾಗ ಗಂಟಲು ಸೀಳಬಹುದು. ಗುದದ್ವಾರದಲ್ಲಿ ದಾರ ನೇತಾಡುತ್ತಿದ್ದರೆ ಎಳೆಯಲೂಬೇಡಿ, ಅದರ ಇನ್ನೊಂದು ತುದಿ ಕರುಳಿನೊಳಗೆ ಎಲ್ಲಿ ಸಿಕ್ಕಿಕೊಂಡಿದೆಯೋ ಹೊರಗಿನಿಂದ ಕಾಣುವುದಿಲ್ಲ.