ಶರಣಾರ್ಥಿಗಳು ಬೆಳೆಸಿದ ದಿಲ್ಲಿ

ದಿಲ್ಲಿಗೆ ಹೋದ ನಮ್ಮವರು ಕರೋಲ್ ಬಾಗ್‌ನಲ್ಲಿ ರೂಮು ಹಿಡಿಯುತ್ತಾರೆ, ಲಾಜಪತ ನಗರದಲ್ಲಿ ಚೌಕಾಸಿ ಮಾಡಿ ಬಟ್ಟೆ ಕೊಳ್ಳುತ್ತಾರೆ, ಹೊತ್ತು ಉಳಿದರೆ ಪುರಾನಾ ಕಿಲಾ ನೋಡಿ ಬರುತ್ತಾರೆ. ಈ ಮೂರಕ್ಕೂ ದೇಶ ವಿಭಜನೆಯ ನಂಟಿದೆ. ನಂಟು ಗೊತ್ತಿದ್ದವರಲ್ಲೂ ಕೆಲವು ತಪ್ಪು ತಿಳಿವಳಿಕೆಗಳು ಗಟ್ಟಿಯಾಗಿ ಕೂತಿವೆ.

ತಪ್ಪು ಕಲ್ಪನೆ: ಇದ್ದ ಊರಿಗೆ ಲಕ್ಷಾಂತರ ಜನ ಬಂದು ಸೇರಿಕೊಂಡರು, ಅಷ್ಟೇ.

ಸತ್ಯ: ಬಂದವರ ಲೆಕ್ಕವನ್ನು ಎಲ್ಲರೂ ಹೇಳುತ್ತಾರೆ, ಹೋದವರ ಲೆಕ್ಕವನ್ನು ಮರೆಯುತ್ತಾರೆ. ವಿಭಜನೆಯಾದಾಗ ಸುಮಾರು ಐದು ಲಕ್ಷ ನಿರಾಶ್ರಿತರು ಪಾಕಿಸ್ತಾನದಿಂದ ದಿಲ್ಲಿಗೆ ಬಂದರು. ಮೂರು ಲಕ್ಷಕ್ಕೂ ಹೆಚ್ಚು ಮುಸ್ಲಿಮರು ದಿಲ್ಲಿ ಬಿಟ್ಟರು. 1941ರಲ್ಲಿ ಮುಸ್ಲಿಮರು ಜನಸಂಖ್ಯೆಯ ಮೂರನೇ ಒಂದು ಭಾಗದಷ್ಟಿದ್ದರು. 1951ರ ಹೊತ್ತಿಗೆ ನೂರಕ್ಕೆ ಆರರಷ್ಟಾದರು. 1947ರ ಸೆಪ್ಟೆಂಬರಿನಲ್ಲಿ ಪುರಾನಾ ಕಿಲಾ ಮತ್ತು ಹುಮಾಯೂನನ ಗೋರಿಯ ಆವರಣದಲ್ಲಿ ಜೀವ ಕೈಯಲ್ಲಿ ಹಿಡಿದು ಕೂತವರು ಪಂಜಾಬಿನಿಂದ ಬಂದವರಲ್ಲ, ದಿಲ್ಲಿಯ ಮುಸ್ಲಿಮರೇ. ಸ್ವಂತ ಊರಿನಲ್ಲೇ ನಿರಾಶ್ರಿತರು! ಕರೋಲ್ ಬಾಗ್, ಪಹಾಡಗಂಜ್, ಸಬ್ಜಿ ಮಂಡಿಗಳಲ್ಲಿ ಅವರು ಬಿಟ್ಟ ಮನೆಗಳಿಗೆ ಹೊಸಬರು ಹೊಕ್ಕರು. ಗೋಡೆ ಅವೇ, ಒಳಗಿನ ಮಾತು ಬೇರೆ. ‘ದಿಲ್ಲಿ ಎಂದರೆ ಪಂಜಾಬಿಗಳ ಊರು’ ಎನ್ನುವ ನಮ್ಮ ಕಲ್ಪನೆಗೆ ಇನ್ನೂ ನೂರು ವರ್ಷ ಆಗಿಲ್ಲ.

ತಪ್ಪು ಕಲ್ಪನೆ: ನಿರಾಶ್ರಿತರು ಬಂದರೆ ಊರು ಕೊಳೆಗೇರಿಯಾಗುತ್ತದೆ.

ಸತ್ಯ: ಮೊದಲು ಡೇರೆ, ಫುಟ್‌ಪಾತು, ರೈಲ್ವೆ ಪ್ಲಾಟ್‌ಫಾರಂ ಇದ್ದದ್ದು ನಿಜ. ಆಮೇಲೆ ಸರಕಾರ ಊರಾಚೆಯ ಹೊಲಗದ್ದೆಗಳಲ್ಲಿ ಬಡಾವಣೆ ಹಾಕಿತು. ರಾಜೇಂದ್ರ ನಗರ, ಪಟೇಲ್ ನಗರ, ಲಾಜಪತ ನಗರ, ಮಾಳವೀಯ ನಗರ ಹುಟ್ಟಿದ್ದು ಹೀಗೆ. ದಿಲ್ಲಿ ಪಶ್ಚಿಮಕ್ಕೂ ದಕ್ಷಿಣಕ್ಕೂ ಚಾಚಿದ್ದೂ ಹೀಗೆಯೇ. ಅಂದಿನ ಪುಟ್ಟ ಮನೆಗಳ ನಿವೇಶನಗಳಿಗೆ ಇಂದು ಕೋಟಿಗಳ ಬೆಲೆ. ಊರು ಬೆಳೆದ ವೇಗಕ್ಕೆ ನೀರು, ಚರಂಡಿಗಳು ಬೆಳೆಯಲಿಲ್ಲ ಎಂಬುದೂ ಅಷ್ಟೇ ನಿಜ. 1955-56ರಲ್ಲಿ ಕೊಳಚೆ ಕುಡಿಯುವ ನೀರಿಗೆ ಸೇರಿ ದಿಲ್ಲಿಯಲ್ಲಿ ಕಾಮಾಲೆ ಹರಡಿತು. 1957ರಲ್ಲಿ ದಿಲ್ಲಿ ಅಭಿವೃದ್ಧಿ ಪ್ರಾಧಿಕಾರ ಬಂತು, 1962ರಲ್ಲಿ ಮಾಸ್ಟರ್ ಪ್ಲಾನ್ ಬಂತು. ತಪ್ಪು ತಡವಾಗಿ ಎಚ್ಚರಾದ ಆಡಳಿತದ್ದು.

ತಪ್ಪು ಕಲ್ಪನೆ: ಎಲ್ಲರಿಗೂ ಎಲ್ಲವೂ ಪುಕ್ಕಟೆ ಸಿಕ್ಕಿತು.

ಸತ್ಯ: 1954ರ ಪರಿಹಾರ ಕಾಯ್ದೆಯಂತೆ, ಪಾಕಿಸ್ತಾನದಲ್ಲಿ ಬಿಟ್ಟುಬಂದ ಆಸ್ತಿಯ ದಾವೆಯನ್ನು ಪರಿಶೀಲಿಸಿ ಪರಿಹಾರ ಗೊತ್ತುಮಾಡುತ್ತಿದ್ದರು, ಇಲ್ಲಿ ಕೊಟ್ಟ ಮನೆಯ ಬೆಲೆಯನ್ನು ಅದರಲ್ಲಿ ವಜಾ ಮಾಡಿಕೊಳ್ಳುತ್ತಿದ್ದರು. ಅಲ್ಲಿ ಆಸ್ತಿಯಿದ್ದವನಿಗೆ ಇಲ್ಲೂ ಆಸ್ತಿ. ಅಲ್ಲಿ ಕೂಲಿ ಮಾಡಿದವನು ಏನೆಂದು ದಾವೆ ಹೂಡಬೇಕು? ಪಕ್ಕದ ಫರೀದಾಬಾದ್‌ನಲ್ಲಂತೂ ವಾಯವ್ಯ ಗಡಿಯಿಂದ ಬಂದವರು ತಮ್ಮ ಊರನ್ನು ತಾವೇ ದುಡಿದು ಕಟ್ಟಿದರು. ಆಶ್ರಯ ಬೇಡುವ ‘ಶರಣಾರ್ಥಿ’ ಎಂದು ಕರೆದರೆ ಸಿಟ್ಟಾಗಿ, ತಾವು ದುಡಿದು ಬದುಕುವ ‘ಪುರುಷಾರ್ಥಿ’ಗಳು ಎನ್ನುತ್ತಿದ್ದವರೂ ಇದ್ದರು. ನಾವು ‘ಯಾವ ಪುರುಷಾರ್ಥಕ್ಕೆ’ ಎಂದು ಹಂಗಿಸುವ ಪದಕ್ಕೆ ಅಲ್ಲಿ ಬೆವರಿನ ಅರ್ಥವಿತ್ತು.

ಬಂಗಾಳಿಗಳ ಕಥೆ ಬೇರೆಯೇ. ಆ ಕಾಯ್ದೆ ಪಶ್ಚಿಮ ಪಾಕಿಸ್ತಾನದಿಂದ ಬಂದವರಿಗಷ್ಟೇ ಅನ್ವಯಿಸುತ್ತಿತ್ತು. ಪೂರ್ವ ಪಾಕಿಸ್ತಾನದಿಂದ ಕೋಲ್ಕತ್ತಕ್ಕೆ ಬಂದವರು ಜಾದವಪುರದ ಬಳಿ, ಯುದ್ಧಕಾಲದ ಸೈನಿಕ ಶಿಬಿರವಿದ್ದ ಜಾಗದಲ್ಲಿ ತಾವೇ ಬಿಜಯಗಢ ಕಾಲೊನಿ ಕಟ್ಟಿಕೊಂಡರು. ಬಂಗಾಳಿಗಳಿಗಾಗಿ ದಿಲ್ಲಿಯಲ್ಲಿ ಚಿತ್ತರಂಜನ್ ಪಾರ್ಕ್ ಬಂದದ್ದು 1960ರ ದಶಕದಲ್ಲಿ, ಬಹಳ ತಡವಾಗಿ. ಇನ್ನು ಕೆಲವರನ್ನು ನಮ್ಮ ಸಿಂಧನೂರಿನವರೆಗೂ ಕರೆತಂದು ನೆಲೆಗೊಳಿಸಿದರು.

ತಪ್ಪು ಕಲ್ಪನೆ: ಖಾನ್ ಮಾರ್ಕೆಟ್ ಮೊದಲಿನಿಂದಲೂ ಸಿರಿವಂತರ ಪೇಟೆ, ಅದಕ್ಕಿರುವುದು ಗಡಿನಾಡ ಗಾಂಧಿ ಗಫಾರ್ ಖಾನರ ಹೆಸರು.

ಸತ್ಯ: ಅದು ಅವರ ಅಣ್ಣ ಡಾ. ಖಾನ್ ಸಾಹೇಬರ ಹೆಸರು. ಗಫಾರ್ ಖಾನರ ಹೆಸರಿನ ಮಾರ್ಕೆಟ್ಟು ಕರೋಲ್ ಬಾಗ್‌ನಲ್ಲಿದೆ. 1951ರಲ್ಲಿ ಖಾನ್ ಮಾರ್ಕೆಟ್ ಕಟ್ಟಿಸಿ, ಅಂಗಡಿಗಳನ್ನು ನಿರಾಶ್ರಿತರಿಗೆ ಕೊಟ್ಟರು. ಈ ಸಲ ಅಲ್ಲಿಗೆ ಹೋದರೆ ಒಮ್ಮೆ ತಲೆಯೆತ್ತಿ ಮೊದಲ ಮಹಡಿ ನೋಡಿ. ಈಗ ಹೋಟೆಲು, ಶೋರೂಮುಗಳಿರುವ ಆ ಕೋಣೆಗಳಲ್ಲೇ ಅಂಗಡಿಯವರ ಸಂಸಾರಗಳಿದ್ದವು.