ಚಿತ್ರಕ್ಕಿಂತ ಮೊದಲು ಸದ್ದು ಬಂದರೆ?

2024ರ ಆಗಸ್ಟ್ 8, ಪ್ಯಾರಿಸ್ ಒಲಿಂಪಿಕ್ಸ್. ಸ್ಟೇಡ್ ಡಿ ಫ್ರಾನ್ಸ್ ಕ್ರೀಡಾಂಗಣದಲ್ಲಿ ನೀರಜ್ ಚೋಪ್ರಾ ಅವರ ಈಟಿ 89.45 ಮೀಟರ್ ದೂರ ಹೋಯ್ತು. ನಮ್ಮಲ್ಲಿ ನಡುರಾತ್ರಿ ದಾಟಿತ್ತು, ಪ್ಯಾರಿಸ್‌ನಲ್ಲಿ ಇನ್ನೂ ಒಂಬತ್ತರ ಆಸುಪಾಸು.

ಇಂಥ ಎಸೆತವನ್ನು ಟಿವಿಗೆ ತಲುಪಿಸುವ ಬ್ರಾಡ್‌ಕಾಸ್ಟ್ ಎಂಜಿನಿಯರ್‌ನ ದಿನ ಸ್ಪರ್ಧೆಗಿಂತ ಎಷ್ಟೋ ಮೊದಲೇ ಶುರು. ಎಲ್ಲ ಕ್ಯಾಮೆರಾಗಳ ಬಣ್ಣ ಒಂದೇ ಥರ ಕಾಣಬೇಕು. ಮೈಕ್‌ಗಳನ್ನು ಒಂದೊಂದಾಗಿ ಕೇಳಿ ನೋಡಬೇಕು. ಇಂಥ ಪ್ರಸಾರದಲ್ಲಿ ಫೈಬರ್ ಕೇಬಲ್‌ಗೆ ಎರಡು ಬೇರೆ ದಾರಿ ಇಡ್ತಾರೆ, ಒಂದು ತುಂಡಾದರೂ ಚಿತ್ರ ನಿಲ್ಲಬಾರದು.

ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈ ಚಿತ್ರ, ಸದ್ದು ಎಲ್ಲವೂ ಸೇರಿದ್ದು ಲೆ ಬೂರ್ಜೆಯ ಪ್ರಸಾರ ಕೇಂದ್ರಕ್ಕೆ. ಅಲ್ಲಿಂದ ಜಗತ್ತಿಗೆ ಹೋಗಿದ್ದು ಒಂದೇ ಚಿತ್ರ, ಜೊತೆಗೆ ಮೈದಾನದ ಸದ್ದು. ಕಾಮೆಂಟರಿ ಆಯಾ ದೇಶದ ಚಾನೆಲ್‌ನವರದ್ದು.

ನನ್ನ ಪ್ರಕಾರ ಅತಿ ನಾಜೂಕಿನ ಕೆಲಸ ಬೇರೆಯೇ ಇದೆ. ಒಂದೊಂದು ಯಂತ್ರ ದಾಟುವಾಗಲೂ ಚಿತ್ರ ಚೂರು ತಡವಾಗುತ್ತೆ, ಸದ್ದು ಮುಂದೆ ಓಡುತ್ತೆ. ಬ್ಯಾಡ್ಮಿಂಟನ್ ಆಟವನ್ನೇ ನೋಡಿ: ಶಟಲ್ ಇನ್ನೂ ಗಾಳಿಯಲ್ಲಿದೆ, ಅಷ್ಟರಲ್ಲೇ ರಾಕೆಟ್ ಟಪ್ ಅಂತು! ನೋಡುವವರಿಗೆ ಏನೋ ಸರಿಯಿಲ್ಲ ಅಂತ ತಕ್ಷಣ ಗೊತ್ತಾಗುತ್ತೆ. ಅದಕ್ಕೇ ಸದ್ದನ್ನು ಬೇಕೆಂದೇ ತಡೆದು, ಮಿಲಿಸೆಕೆಂಡ್ ಲೆಕ್ಕದಲ್ಲಿ ಚಿತ್ರದ ಜೊತೆ ಕೂಡಿಸಿ ಕಳಿಸ್ತಾರೆ. ಎಷ್ಟು ಚೆಂದದ ಕೆಲಸ ಇದು!

ಒಲಿಂಪಿಕ್ಸ್ ಆಗಸ್ಟ್ 11ಕ್ಕೆ ಮುಗೀತು. 28ಕ್ಕೆ ಪ್ಯಾರಾಲಿಂಪಿಕ್ಸ್ ಶುರು. ಅಥ್ಲೆಟಿಕ್ಸ್ ಮತ್ತೆ ಅದೇ ಕ್ರೀಡಾಂಗಣದಲ್ಲಿ, ಕ್ಯಾಮೆರಾ, ಮೈಕ್, ಕೇಬಲ್‌ಗಳ ಪರೀಕ್ಷೆಯೂ ಮತ್ತೆ ಮೊದಲಿಂದ.