ಪದವೂ ಪದಾರ್ಥವೂ: ಕುಂದಾಪುರದ ಕರಾವಳಿಯ ಪಾಠೋಪಕರಣಗಳು

ಪದಾರ್ಥವೆಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳುಂಟು: ಪದದ ಅರ್ಥವೆಂಬುದೊಂದು, ಕೈಗೆ ಸಿಗುವ ವಸ್ತುವೆಂಬುದಿನ್ನೊಂದು. ಪ್ರಾಥಮಿಕ ಪಾಠಶಾಲೆಯಲ್ಲಿ ಇವೆರಡೂ ಒಂದೆಡೆ ಸೇರದಿದ್ದರೆ ಮಗುವಿನ ಬಾಯಲ್ಲಿ ಮಾತು ಬೆಳೆಯುತ್ತದೆ, ತಿಳಿವು ಬೆಳೆಯದು. ಆದುದರಿಂದ ಮಗು ಮುಟ್ಟಿ, ಅಳೆದು, ಕಟ್ಟಿ, ಬಿಚ್ಚಿ ಕಲಿಯತಕ್ಕ ಉಪಕರಣಗಳ ವಿಚಾರವು ವಿಜ್ಞಾನದ ಉಪಾಧ್ಯಾಯರಿಗೆ ಮಾತ್ರ ಸೇರಿದುದಲ್ಲ. ಭಾಷೆಯನ್ನೂ ಸಾಹಿತ್ಯವನ್ನೂ ಬೋಧಿಸುವವರಿಗೂ ಸೇರಿದುದು. ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ನಿದರ್ಶನದಿಂದ ಇದು ಸ್ಪಷ್ಟವಾಗುವುದು.

ಈ ವಿಚಾರಕ್ಕೆ ಈ ಸೀಮೆಯಲ್ಲಿ ಒಂದು ಪೂರ್ವಪರಂಪರೆಯೂ ಇದೆ. ಈಗ ಬ್ರಹ್ಮಾವರ ತಾಲ್ಲೂಕಿಗೆ ಸೇರಿರುವ ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಹೊರತಂದು, ಲೋಕದ ವಸ್ತುವಿಷಯಗಳನ್ನು ಮಕ್ಕಳಿಗೆ ಕನ್ನಡದಲ್ಲಿಯೇ ಹೇಳಬಹುದೆಂಬುದನ್ನು ತೋರಿಸಿಕೊಟ್ಟರು. ಮರುವರ್ಷ, 1937ರಲ್ಲಿ, ವಾರ್ಧಾದಲ್ಲಿ ಗಾಂಧೀಜಿಯವರ ಮೂಲಶಿಕ್ಷಣದ ಯೋಜನೆಯು ಕೈಗೆಲಸವನ್ನು ವಿದ್ಯಾಭ್ಯಾಸದ ನಡುಗಂಬವಾಗಿ ನಿಲ್ಲಿಸಿತು.

ಸ್ವಾತಂತ್ರ್ಯಾನಂತರ ಸರಕಾರವೂ ಉಪಕರಣಗಳ ಅಗತ್ಯವನ್ನು ಮನಗಂಡಿತು. 1986ರ ರಾಷ್ಟ್ರೀಯ ಶಿಕ್ಷಣನೀತಿಯನ್ನು ಅನುಸರಿಸಿ 1987ರಲ್ಲಿ ಆರಂಭವಾದ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಯೋಜನೆಯು ಪ್ರಾಥಮಿಕ ಶಾಲೆಗಳಿಗೆ ಪಾಠೋಪಕರಣಗಳನ್ನು ಒದಗಿಸಿತು. ಆದರೆ ಒಡೆದುದಕ್ಕೆ ಲೆಕ್ಕ ಕೊಡಬೇಕಾದೀತೆಂಬ ಭಯವಿದ್ದಲ್ಲಿ ಪೆಟ್ಟಿಗೆಗೆ ಬೀಗ ಬೀಳುವುದು ಸಹಜವೇ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ‘ನಲಿ-ಕಲಿ’ಯು ಕಲಿಕೆಯ ಕಾರ್ಡುಗಳನ್ನು ಮಕ್ಕಳ ಕೈಗೇ ಕೊಟ್ಟು ಈ ಭಯವನ್ನು ಕೊಂಚ ಕಳೆಯಿತು. ಉಪಕರಣದ ಬೆಲೆಗಿಂತ ಅದನ್ನು ಕೆಡಿಸುವ ಸ್ವಾತಂತ್ರ್ಯವೇ ಮುಖ್ಯವೆಂಬುದು ಇದರಿಂದ ತಿಳಿಯತಕ್ಕ ಅಂಶ.

ಕೆಟ್ಟರೂ ನಷ್ಟವಿಲ್ಲದ ಉಪಕರಣಗಳು ಈ ಮೂರು ತಾಲ್ಲೂಕುಗಳಲ್ಲಿ ಶಾಲೆಯ ಅಂಗಳದಲ್ಲಿಯೇ ದೊರೆಯುತ್ತವೆ. ಮೊದಲನೆಯದು ಗೋಡೆಗೆ ಬಳಸುವ ಕೆಂಪು ಮುರಕಲ್ಲು. ಒಣಗಿದ ತುಂಡನ್ನು ತಕ್ಕಡಿಯಲ್ಲಿ ತೂಗಿ, ಒಂದು ರಾತ್ರಿ ನೀರಿನಲ್ಲಿ ನೆನೆಯಿಟ್ಟು ಮತ್ತೆ ತೂಗಿದರೆ, ಕಲ್ಲು ಕುಡಿದ ನೀರಿನ ಪ್ರಮಾಣ ತಿಳಿಯುತ್ತದೆ. ಮಳೆಯ ನೀರು ನೆಲದೊಳಗೆ ಇಳಿದು ಬಾವಿಯನ್ನು ಸೇರುವ ಬಗೆಯೂ ಅದರಿಂದಲೇ ಊಹೆಗೆ ಬರುತ್ತದೆ. ಫ್ರಾನ್ಸಿಸ್ ಬುಕಾನನನು 1807ರಲ್ಲಿ ಪ್ರಕಟವಾದ ತನ್ನ ಪ್ರವಾಸವೃತ್ತಾಂತದಲ್ಲಿ ಇದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಶಬ್ದವೇ ಅದರ ಮೂಲ. ಕನ್ನಡದ ‘ಜಂಬಿಟ್ಟಿಗೆ’ಯಲ್ಲಿಯೂ ಇಟ್ಟಿಗೆಯೇ ಕೇಳಿಬರುತ್ತದೆ. ಕಲ್ಲನ್ನು ಇಟ್ಟಿಗೆಯಂತೆ ಕಡಿಯುವುದನ್ನು ಕಂಡ ಮಗುವಿಗೆ ಈ ಎರಡು ಹೆಸರುಗಳನ್ನೂ ಬಾಯಿಪಾಠ ಮಾಡಿಸಬೇಕಾಗಿಲ್ಲ.

ಎರಡನೆಯದು ಮಳೆ. ನೇರ ಗೋಡೆಯ ಎರಡು ಡಬ್ಬಗಳನ್ನು, ಒಂದು ಅಗಲ, ಒಂದು ಕಿರಿದು, ಬಯಲಿನಲ್ಲಿಟ್ಟರೆ ಎರಡರಲ್ಲಿಯೂ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಪಕ್ಕದಲ್ಲಿ ತೆಂಗಿನ ಗೆರಟೆಯನ್ನಿಟ್ಟರೆ ಅದರಲ್ಲಿ ಎತ್ತರ ಬೇರೆಯಾಗುತ್ತದೆ. ಏಕೆ? ಬಾಯಿ ಅಗಲ, ತಳ ಕಿರಿದು. ಮಳೆಯನ್ನು ಲೀಟರಿನಲ್ಲಿ ಹೇಳದೆ ಮಿಲಿಮೀಟರಿನಲ್ಲಿ ಹೇಳುವ ಕಾರಣವನ್ನು ಮಗು ತಾನಾಗಿಯೇ ಕಂಡುಕೊಳ್ಳುವುದು.

ಮೂರನೆಯದು ಕಡಲು. ಬೈಂದೂರು ತಾಲ್ಲೂಕಿನ ಮರವಂತೆಯಲ್ಲಿ ಹೆದ್ದಾರಿಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ. ಎರಡರ ನೀರನ್ನೂ ಸಮವಾಗಿ ತಟ್ಟೆಗಳಲ್ಲಿಟ್ಟು ಬಿಸಿಲಿಗೆ ಒಣಗಿಸಿ, ಉಳಿದ ಉಪ್ಪನ್ನು ಹೋಲಿಸಬಹುದು. ಮಳೆಗಾಲದ ನದಿಯ ನೀರಿಗೂ ಬೇಸಗೆಯದಕ್ಕೂ ಇರುವ ಭೇದವನ್ನು ಗುರುತಿಸಬಹುದು. ಗಂಗೊಳ್ಳಿಯ ಅಳಿವೆಯ ಹತ್ತಿರ ಗಳುವೊಂದನ್ನು ನೆಟ್ಟು ಗುರುತು ಹಾಕಿದರೆ, ಭರತವು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದು ಕಾಣುತ್ತದೆ. ಚಂದ್ರನ ಗತಿಯೇ ಅದಕ್ಕೆ ಕಾರಣ. ಮೀನುಗಾರರ ಮನೆಯ ಮಗುವಿಗೆ ಇದು ಮೊದಲೇ ಗೊತ್ತು. ಪುಸ್ತಕದ ಪಾಠದಲ್ಲಿ ಹಿಂದೆ ಕುಳಿತಿದ್ದ ಆ ಮಗುವೇ ಅಂದು ತರಗತಿಗೆ ಉಪಾಧ್ಯಾಯನಾಗುವುದು.

ಕಲೆಯೂ ಇಲ್ಲಿ ವಿಜ್ಞಾನದಿಂದ ದೂರವಿಲ್ಲ. ಕುಂದಾಪುರ ತಾಲ್ಲೂಕಿನ ಉಪ್ಪಿನಕುದ್ರುವಿನಲ್ಲಿ ಕಾಮತ ಮನೆತನವು ಯಕ್ಷಗಾನದ ಸೂತ್ರದ ಗೊಂಬೆಯಾಟವನ್ನು ಉಳಿಸಿಕೊಂಡು ಬಂದಿದೆ; ಕೊಗ್ಗ ಕಾಮತರು ಅದಕ್ಕೆ ದೇಶಾದ್ಯಂತ ಹೆಸರನ್ನು ತಂದರು. ಹಗುರ ಮರದಿಂದಲೋ ಅಡಕೆಯ ಹಾಳೆಯಿಂದಲೋ ಮಕ್ಕಳು ತಾವೇ ಗೊಂಬೆಯೊಂದನ್ನು ಮಾಡಿ ಹುರಿ ಕಟ್ಟಿದರೆ, ಕೀಲು, ಭಾರ, ಸಮತೋಲಗಳು ಅನುಭವಕ್ಕೆ ಬರುತ್ತವೆ. ‘ಸೂತ್ರ’ವೆಂದರೆ ದಾರವೂ ಹೌದು, ನಿಯಮವೂ ಹೌದು, ದಾರವನ್ನು ಎಳೆದ ಕೈಗೆ ನಿಯಮವೂ ದಕ್ಕುವುದು. ಬ್ರಹ್ಮಾವರ ತಾಲ್ಲೂಕಿನ ಸಾಲಿಗ್ರಾಮದಲ್ಲಿ 1970ರ ದಶಕದಲ್ಲಿ ಹುಟ್ಟಿದ ಮಕ್ಕಳ ಮೇಳವು, ತಾಳ, ಹೆಜ್ಜೆ, ಆಶುಮಾತುಗಳನ್ನು ಎಳೆಯರೂ ಸಾಧಿಸಬಲ್ಲರೆಂಬುದನ್ನು ರಂಗದ ಮೇಲೆಯೇ ಸಿದ್ಧಪಡಿಸಿತು.

ಹಾಗೆಂದು ಊರಿನ ವಸ್ತುಗಳೇ ಸಾಕೆನ್ನುವುದು ಸರಿಯಲ್ಲ. ಮುರಕಲ್ಲು ಮಸೂರದ ಕೆಲಸವನ್ನು ಮಾಡದು. ಅಯಸ್ಕಾಂತಕ್ಕೂ ಉಷ್ಣಮಾಪಕಕ್ಕೂ ಪೆಟ್ಟಿಗೆಯನ್ನು ತೆರೆಯಲೇಬೇಕು. ವಸ್ತುವೊಂದೇ ಪಾಠವಾಗಲಾರದು, ಅದರೊಡನೆ ತಕ್ಕ ಪ್ರಶ್ನೆಯೂ ಇರಬೇಕು. ಇದಕ್ಕೆ ಉಪಾಧ್ಯಾಯರಿಗೆ ಬಿಡುವೂ ಬೇಕು, ಪಾಠವು ನಿಗದಿಯ ದಿನಕ್ಕೆ ಮುಗಿಯದಿದ್ದರೆ ಸಹಿಸುವ ಮೇಲಧಿಕಾರಿಗಳೂ ಬೇಕು.

ಸಾಹಿತ್ಯದ ಉಪಾಧ್ಯಾಯರು ಇಲ್ಲಿ ಮಾಡಬಹುದಾದ ಕೆಲಸವೊಂದುಂಟು. ಅಳೆದ ಮೇಲೆ, ಕಟ್ಟಿದ ಮೇಲೆ, ಕಂಡುದನ್ನು ಮಗು ಮೊದಲು ಮನೆಯ ಮಾತಿನಲ್ಲಿ ಹೇಳಲಿ. ಅನಂತರ ಗ್ರಂಥಸ್ಥ ಕನ್ನಡದಲ್ಲಿ ನಾಲ್ಕು ಸಾಲು ಬರೆಯಲಿ. ಮುರಕಲ್ಲು, ಗೆರಟೆ, ಭರತ, ಇಳಿತ ಮೊದಲಾದ ಮಾತುಗಳು ಪಾರಿಭಾಷಿಕ ಶಬ್ದಗಳ ಎದುರು ನಾಚಬೇಕಾಗಿಲ್ಲ, ಅವುಗಳಿಗೆ ಮೆಟ್ಟಿಲಾಗಬಲ್ಲವು. ಕನ್ನಡದಲ್ಲಿ ವಿಜ್ಞಾನ ಬೆಳೆಯಬೇಕಾದರೆ ಶಬ್ದಕೋಶದಷ್ಟೇ ಅವಶ್ಯವಾದುದು, ಮಣ್ಣು ನೀರು ಮುಟ್ಟಿದ ಮಕ್ಕಳ ಕೈ.